ಸೀಮೆಯಾಚೆಯ ಉಪ್ಪಿಟ್ಟು

ಅಂಗನವಾಡಿ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ, "ನಿಮ್ಮ ಕಾಲದಾಗ ಭಾಳ ಚಲೋ ಇತ್ತಂತಲ್ರಿ ಅಕ್ಕಾರ, ಇಷ್ಟು ಬರಿಯೋದು ಇರಲಿಲ್ಲಂತ" ಅನ್ನುತ್ತಾರೆ. ಇದನ್ನು ಅವರಿಗೆ ಯಾರು ಹೇಳಿದರೋ ಆ ಶಿವನೇ ಬಲ್ಲ. ಚಲೋ ಏನೂ ಇರಲಿಲ್ಲ. ಬರೆಯುವುದು ಆಗಲೂ ಇತ್ತು, ಬೈಸಿಕೊಳ್ಳುವುದು ಆಗ ಸ್ವಲ್ಪ ಹೆಚ್ಚೇ ಇತ್ತು. ಒಬ್ಬೊಬ್ಬರಿಗೆ ಒಂದೊಂದು ತುಣುಕು ಹೇಳಿ ಹೇಳಿ ಸಾಕಾಗಿದೆ. ಒಮ್ಮೆ ಬರೆದಿಟ್ಟರೆ ಓದಿಕೊಳ್ಳುತ್ತಾರೆ ಎಂದು ಕೂತಿದ್ದೇನೆ.

ನಾನು ಮೊದಲೂ ಮನೆವಾರ್ತೆಯವಳು, ಈಗಲೂ ಅದೇ. ತವರು ಮಸೂತಿ. ಮದುವೆಯಾಗಿ ಬಂದದ್ದು ಎಕ್ಕಿನಾಳಕ್ಕೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ಸುತ್ತಿನಲ್ಲಿ ಒಂದು ಪೇಟೆಯ ಮಗ್ಗುಲಿಗೆ ಇದ್ದ ಸಣ್ಣ ಊರು ಅದು. ಪೇಟೆ ಯಾವುದು ಎಂದು ಬರೆಯುವುದಿಲ್ಲ. ಅಲ್ಲಿ ನಮ್ಮ ಬೀಗರಿದ್ದಾರೆ. 'ಇದ್ದ ಊರು' ಎಂದು ಬರೆದದ್ದು ಕೈತಪ್ಪಿ ಅಲ್ಲ. ಮನೆಗಳು ಅಲ್ಲೇ ಇವೆ, ನಾನೂ ಅವುಗಳಲ್ಲೊಂದರಲ್ಲಿ ಕೂತು ಬರೆಯುತ್ತಿದ್ದೇನೆ. ಆದರೆ ಕಾಗದದಲ್ಲಿ ಅದು ಈಗ ಊರಲ್ಲ, ಪೇಟೆಯ ಒಂದು ವಾರ್ಡು. ಆ ಗದ್ದಲದಲ್ಲಿ ನಮ್ಮ ಅಂಗನವಾಡಿ ಎದ್ದು ಹೋಗುವುದರಲ್ಲಿತ್ತು. ಅದು ಹೇಗೆ ಉಳಿಯಿತು ಎಂಬುದನ್ನು ನೆನೆಸಿಕೊಂಡರೆ ಇಂದಿಗೂ ನನಗೆ ಅರ್ಧ ಸಿಟ್ಟು, ಅರ್ಧ ನಗು.

ತೊಂಬತ್ತರ ದಶಕದ ಮೊದಮೊದಲಿನ ಮಾತು. ಊರಿಗೆ ಅಂಗನವಾಡಿ ಬಂದಾಗ ಶಾಲೆಯಲ್ಲಿ ಏಳನೆಯ ಇಯತ್ತೆ ದಾಟಿದ ಸೊಸೆ ಊರಿಗೆಲ್ಲ ನಾನೊಬ್ಬಳೇ. ಯಜಮಾನರು, "ಮನ್ಯಾಗ ಕುಂತು ಅಕ್ಕಿ ಆರಸೂದು ಹೆಂಗೂ ಐತಿ, ಅಲ್ಲಿ ಕುಂತು ಆರಸು" ಎಂದರು. ಒಪ್ಪಿಗೆ ಎಂದರೆ ಇಷ್ಟೇ. ಸರಕಾರ ನಮಗೆ ಕೊಟ್ಟದ್ದು ಸಂಬಳ ಅಲ್ಲ, ಗೌರವಧನ. ಹಾಗಾಗಿ ಸರಕಾರದ ಪ್ರಕಾರ ನಾನು ನೌಕರಳಲ್ಲ. ಅತ್ತೆಯ ಪ್ರಕಾರ ಮಾತ್ರ ನೌಕರಿಗೆ ಹೋಗುವ ಸೊಸೆ. ತಪ್ಪಾದಾಗ ಎರಡೂ ಕಡೆ ನೌಕರಳೇ.

ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಬುಟ್ಟಿ ತುಂಬ ರೊಟ್ಟಿ ಬಡಿದಿಟ್ಟು ಚಾವಡಿಗೆ ಓಡುತ್ತಿದ್ದೆ. ನಮ್ಮ ಅಂಗನವಾಡಿಗೆ ಬೇರೆ ಕಟ್ಟಡ ಇರಲಿಲ್ಲ. ಊರ ಚಾವಡಿಯೇ ಕಟ್ಟಡ. ಕಲ್ಲಿನ ಕಟ್ಟೆ, ಕಟ್ಟಿಗೆಯ ಕಂಬ, ಒಳಗೆ ಕೋಣೆಯಂಥ ಒಂದು ಅಂಕಣ. ಮಧ್ಯಾಹ್ನದ ತನಕ ಮಕ್ಕಳು, ಇಳಿಹೊತ್ತಿಗೆ ಹಿರಿಯರು. ಮಳೆ ಬಂದರೆ ಸೋರುತ್ತಿತ್ತು. ಆದರೆ ಮಕ್ಕಳು ಕೂರುವ ಕಡೆ ಅಲ್ಲ, ಮೇಲ್ವಿಚಾರಕಿಯ ಕುರ್ಚಿ ಹಾಕುವ ಕಡೆ. ದೇವರು ಸಣ್ಣ ಸಣ್ಣ ಕಡೆಯಲ್ಲಿ ನನ್ನ ಕೈ ಹಿಡಿದಿದ್ದಾನೆ, ಸುಳ್ಳು ಹೇಳಬಾರದು.

ಊರಿನ ಹಿರಿಯರಲ್ಲಿ ದೊಡ್ಡವರು ಗುರುಪಾದಪ್ಪ ಗೌಡರು. ಎತ್ತರದ ಆಳು, ಮಾತು ಕಡಿಮೆ, ಹಟ ಹೆಚ್ಚು. ಚಾವಡಿ ಏರುವಾಗ ಅವರು ಮೆಟ್ಟಿಲ ಬುಡದಲ್ಲಿ ಮೆಟ್ಟು ಬಿಡುತ್ತಿದ್ದರು. ಖಾಲಿ ಚಾವಡಿಗೆ ಬಂದರೂ ಬಿಡುತ್ತಿದ್ದರು. ನಮ್ಮ ಸಹಾಯಕಿ ದುರ್ಗವ್ವ ಒಮ್ಮೆ, "ಯಾರೂ ಇಲ್ಲಲ್ರಿ ಗೌಡ್ರ, ಮೆಟ್ಟಗೊಂಡ ಬರ್ರಿ, ಕೆಳಗ ಮುಳ್ಳ ಅದಾವು" ಎಂದಳು. "ಊರ ನ್ಯಾಯ ಕೂಡೂ ಜಾಗಾ. ಗುಡಿ ಇದ್ದಂಗ" ಎಂದು ಬರಿಗಾಲಲ್ಲೇ ಹತ್ತಿದರು. ದುರ್ಗವ್ವ ನನ್ನ ಕಿವಿಯಲ್ಲಿ, "ಗುಡಿಯಾಗ ಹುಡುಗೂರು ಉಚ್ಚಿ ಹೊಯ್ದದ್ದು ದಿನಾ ಬಳಿಯಾಕಿ ನಾನು, ನನಗ ಗೊತ್ತೈತಿ" ಎಂದಳು. ಆಕೆಯ ಬಾಯಿ ಹಾಗೆ.

ಮಕ್ಕಳ ತೂಕ ತೆಗೆಯುವ ಕೆಲಸ ನಿಮಗೀಗ ಒಂದು ಪೆಟ್ಟಿಗೆಯ ಮೇಲೆ ನಿಲ್ಲಿಸಿದರೆ ಮುಗಿಯಿತು. ನಮಗೆ ಕೊಟ್ಟದ್ದು ತೊಲೆಗೆ ಜೋತುಹಾಕುವ ಕಾಟಾ. ಕೂಸನ್ನು ಚಡ್ಡಿಯಂಥ ಚೀಲದಲ್ಲಿ ಇಳಿಬಿಡಬೇಕು. ಸಂತೆಯಲ್ಲಿ ಮೆಣಸಿನಕಾಯಿ ತೂಗುವ ಹಾಗೆ ಕೂಸನ್ನು ತೂಗುತ್ತಾರೆಂದು ಮುದುಕಿಯರೆಲ್ಲ ಮೈಮೇಲೆ ಬಂದರು. "ತೂಗಿದ್ ಕೂಸು ಕರಗತೈತಿ" ಅಂತ ಅವರ ಮಾತು. ತರಬೇತಿಯಲ್ಲಿ ಕಲಿಸಿದ್ದನ್ನೆಲ್ಲ ಹೇಳಿದೆ, ಚಿತ್ರ ತೋರಿಸಿದೆ. ಕಡೆಗೆ ಬಾಯಿ ನೋವಾಗಿ ಸುಮ್ಮನಾದೆ. ದುರ್ಗವ್ವ ಒಳಗೆ ಹೋಗಿ ಹಿಡಿ ಉಪ್ಪು, ನಾಲ್ಕು ಮೆಣಸಿನಕಾಯಿ ತಂದು ಮೊದಲು ಅವನ್ನು ಆ ಚೀಲದಲ್ಲಿ ಹಾಕಿ ತೂಗಿದಳು. "ತಗೋರಿ, ದೃಷ್ಟಿ ಎಲ್ಲಾ ಇದಕ್ಕ ಹೋತು. ಇನ್ನ ಕೂಸಿನ ತೂಕ ಹಂಗ ಇರ್ತೈತಿ." ಮುದುಕಿಯರು ಸಾಲಾಗಿ ಕೂಸು ಕೊಟ್ಟರು. ಇದನ್ನು ವರದಿಯಲ್ಲಿ ಬರೆಯಬೇಡಿ, ಆದರೆ ಮರೆಯಲೂ ಬೇಡಿ.

ಇನ್ನು ವಾರದ ಸುದ್ದಿ. ಅದನ್ನು ಬಿಡಿಸಿ ಹೇಳದೆ ಮುಂದಿನದು ತಿಳಿಯುವುದಿಲ್ಲ.

ನಮ್ಮೂರ ದೇವಿ ದ್ಯಾಮವ್ವ. ಮುಂಗಾರು ಬಿತ್ತನೆ ಮುಗಿದ ಮೇಲೆ ಐದು ಮಂಗಳವಾರ ಊರಿಗೆ ಊರೇ ಆಕೆಯ ವಾರ ಹಿಡಿಯುತ್ತದೆ. ಆ ದಿನ ಎತ್ತು ಹೂಡುವಂತಿಲ್ಲ, ಗಿರಣಿ ಹಾಕುವಂತಿಲ್ಲ. ಊರ ಸೀಮೆಯೊಳಗೆ ಯಾರೂ ಒಲೆ ಹಚ್ಚುವಂತಿಲ್ಲ. ಹಿಂದಿನ ದಿನ ಬಡಿದಿಟ್ಟ ರೊಟ್ಟಿ, ಮೊಸರು, ಶೇಂಗಾ ಚಟ್ನಿಪುಡಿ ತಿಂದು ಕೂರಬೇಕು. ಬಿಸಿ ಬೇಕಾದವರು, ಬಾಣಂತಿಗೋ ಕಾಯಿಲೆಯವರಿಗೋ ಮಾಡಬೇಕಾದವರು ಸೀಮೆ ದಾಟಿ ಹೋಗಿ ಮಾಡಿಕೊಂಡು ಬರಬೇಕು. ಐದನೆಯ ವಾರ ಮಾತ್ರ ಊರೆಲ್ಲ ಗಂಟುಮೂಟೆ ಹೊತ್ತು ಸೀಮೆಯ ಹೊರಗೆ ಹೋಗಿ ಹೋಳಿಗೆ ಮಾಡಿ ಉಂಡು ಬರುತ್ತದೆ.

ಊರಿಗೆ ಒಂದೇ ಅಗಸಿ ಬಾಗಿಲು, ಮೂಡಲಕ್ಕೆ. ಹಿಂದೆ ಹಳ್ಳ, ಹಳ್ಳದಾಚೆ ಸುಡುಗಾಡು, ಆ ಕಡೆ ಅಡಿಗೆಯ ಮಾತೇ ಇಲ್ಲ. ಅಗಸಿ ದಾಟಿದರೆ ಹೊಲ. ಹೊಲದ ನಡುವೆ ಒಂದು ಬನ್ನಿಗಿಡ, ಅದರ ಬುಡಕ್ಕೆ ಸೀಮೆಯ ಕಲ್ಲು. ಕಲ್ಲಿನಾಚೆ ಮತ್ತಷ್ಟು ಹೊಲ, ಆಮೇಲೆ ಲಾರಿ ಬಸ್ಸು ಓಡಾಡುವ ದೊಡ್ಡ ರಸ್ತೆ, ರಸ್ತೆಯಾಚೆ ಪೇಟೆ.

ದೇವಿಯ ವಾರಕ್ಕೆ ಒಲೆ ಹಚ್ಚಬಾರದು. ಸರಕಾರದ ನಿಯಮಕ್ಕೆ ಮಕ್ಕಳಿಗೆ ದಿನಾ ಬಿಸಿ ಉಪ್ಪಿಟ್ಟು ಕೊಡಬೇಕು. ಎರಡರಲ್ಲಿ ಯಾವುದನ್ನೂ ಮುರಿಯುವ ಧೈರ್ಯ ನನಗಿರಲಿಲ್ಲ. ಆ ಮಂಗಳವಾರಗಳಂದು ದುರ್ಗವ್ವ ಪಾತ್ರೆ, ರವೆ ಹೊರುತ್ತಿದ್ದಳು, ನಾನು ಮಕ್ಕಳನ್ನು ಒಬ್ಬರ ಅಂಗಿ ಒಬ್ಬರಿಗೆ ಹಿಡಿಸಿ ಸಾಲು ಕಟ್ಟಿಸಿ ಬನ್ನಿಗಿಡದ ತನಕ ನಡೆಸುತ್ತಿದ್ದೆ. ಸೀಮೆಯ ಕಲ್ಲಿನಿಂದ ಮೊಳದಷ್ಟು ಆಚೆ ಮೂರು ಕಲ್ಲು ಹೂಡಿ ಒಲೆ. ಊರೊಳಗಿನ ಮಗ್ಗುಲಿಗೆ ಕೂತ ಮಕ್ಕಳು, ಊರಾಚೆ ಬೇಯುವ ಉಪ್ಪಿಟ್ಟು, ನಡುವೆ ಕಲ್ಲು. ಶಿವಶಿವಾ ಎನ್ನುತ್ತ ವರ್ಷ ವರ್ಷ ಹೀಗೆ ದಾಟಿಸಿದೆ.

ಒಂದು ವರ್ಷ ನಮ್ಮ ಮೇಲ್ವಿಚಾರಕಿ ನಳಿನಿಬಾಯಿ ಹೇಳದೆ ಕೇಳದೆ ಮಂಗಳವಾರವೇ ಬಂದರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಚಾವಡಿ ಖಾಲಿ. ಹೊಗೆ ನೋಡಿಕೊಂಡು ಬನ್ನಿಗಿಡಕ್ಕೆ ಬಂದರು.

"ಶಾಂತವ್ವ, ಇದೇನಿದು? ಕೇಂದ್ರ ಎಲ್ಲದ?"

"ಇಲ್ಲೇ ಐತ್ರಿ ಬಾಯಾರ, ಇವತ್ತೊಂದಿನ."

"ಕೇಂದ್ರ ಅಂದ್ರ ಏನು ಡೊಂಬರಾಟ ಅದ ಅಂತ ತಿಳದೀರೇನು, ಗಿಡದಿಂದ ಗಿಡಕ್ಕ ಒಯ್ಯಾಕ?"

ನಾನು ತಲೆ ತಗ್ಗಿಸಿ ನಿಂತೆ. ದುರ್ಗವ್ವ ಮುತ್ತುಗದೆಲೆಯ ಮೇಲೆ ಉಪ್ಪಿಟ್ಟು ಹಾಕಿ ಅವರ ಮುಂದೆ ಹಿಡಿದಳು. "ಬೈಯೂದು ಆಮೇಲಿಂದ ಬೈರಿ, ಇದು ಆರತೈತಿ." ನಳಿನಿಬಾಯಿ ಬಿಸಿಲಲ್ಲಿ ನಡೆದು ಬಂದಿದ್ದರು, ಹಸಿದಿದ್ದರು. ತಿಂದರು. ಆಮೇಲೆ ಬೈಯಲು ಮರೆತರು. ಆದರೆ ಮೆಮೋ ಕಳಿಸಲು ಮರೆಯಲಿಲ್ಲ. 'ಕೇಂದ್ರವನ್ನು ಅನುಮತಿಯಿಲ್ಲದೆ ಸ್ಥಳಾಂತರಿಸಿದ ಬಗ್ಗೆ' ಎಂದು ಬಂತು. ಆ ಮಾತು ಮುಂದೆ ಎಂಥ ಸುಳಿಯಾಗಿ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಊರು ಪೇಟೆಗೆ ಸೇರುವ ಸುದ್ದಿ ಹುಟ್ಟಿತು. ಯಾರೂ ನಮ್ಮನ್ನು ಎಳೆದುಕೊಂಡು ಹೋಗಲಿಲ್ಲ, ಅದನ್ನೂ ಬರೆಯಬೇಕು. ನಳದ ನೀರು ಬರುತ್ತದೆ, ಬೀದಿ ದೀಪ ಬರುತ್ತದೆ, ಹೊಲಕ್ಕೆ ಬೆಲೆ ಬರುತ್ತದೆ ಎಂದು ಊರಿನವರೇ ಅರ್ಧಕ್ಕರ್ಧ ಕುಣಿದರು. ನಾನೂ ಕುಣಿದವಳೇ, ಬೇಸಿಗೆಯಲ್ಲಿ ಹಳ್ಳದ ಒರತೆ ತೋಡಿ ನೀರು ಹೊತ್ತವಳಿಗೆ ನಳ ಎಂದರೆ ಸಣ್ಣ ಮಾತಲ್ಲ. ಚಾವಡಿಯಲ್ಲಿ ಸಭೆ ಕೂಡಿತು. ಪೇಟೆಯಿಂದ ಅಧಿಕಾರಿಗಳು ಬಂದರು. ಯಾರಿಗೆ ಏನು ಬೇಕು ಕೇಳಿರಿ ಎಂದಾಗ ಒಬ್ಬ ಗಟಾರು ಕೇಳಿದ, ಒಬ್ಬ ಡಾಂಬರು ಕೇಳಿದ. ಗೌಡರು ಎದ್ದು ನಿಂತು, "ನಮಗೇನ ಬ್ಯಾಡ್ರಿ. ಸೀಮಿ ಕಲ್ಲ ಒಂದ ಕೀಳಬ್ಯಾಡ್ರಿ" ಎಂದರು. ಅಧಿಕಾರಿ ನಕ್ಕು, "ಆತು ಬಿಡ್ರಿ ಯಜಮಾನ್ರ, ಕಲ್ಲ ನಿಮಗ" ಎಂದರು. ಅವರಿಗೆ ಆರು ತಿಂಗಳೊಳಗೆ ವರ್ಗ ಆಯಿತು. ಮಾತೂ ಅವರ ಜೊತೆಗೇ ಹೋಯಿತು.

ಸೇರಿದ್ದಾಯಿತು. ನಳ ಬಂತು, ಅದಕ್ಕೆ ಶರಣು. ವಾರಕ್ಕೊಮ್ಮೆ ನೀರು ಬಂತು, ಅದಕ್ಕೂ ಶರಣು. ಅದರ ಹಿಂದೆಯೇ ಪ್ಲಾಟು ಬಂದವು. ಅಗಸಿಯಿಂದ ದೊಡ್ಡ ರಸ್ತೆಯ ತನಕ ಇದ್ದ ಹೊಲವೆಲ್ಲ ಸುಣ್ಣದ ಗೆರೆ ಬಿದ್ದು ಚೌಕ ಚೌಕ ಆಯಿತು. ಒಂದು ದಿನ ಬೆಳಿಗ್ಗೆ ನೋಡಿದರೆ ಬನ್ನಿಗಿಡ ಇಲ್ಲ, ಕಲ್ಲೂ ಇಲ್ಲ. ಗಿಡ ಎಲ್ಲಿಗೆ ಹೋಯಿತೋ. ಕಲ್ಲು ಮಾತ್ರ ಯಾರದೋ ಹೊಸ ಮನೆಯ ಹಿತ್ತಿಲಲ್ಲಿ ಅರಿವೆ ಒಗೆಯುವ ಕಲ್ಲಾಗಿ ಸಿಕ್ಕಿತು. ಮನೆಯಾಕೆ ಹೊರಗಿನಿಂದ ಬಂದವಳು, ಪಾಪ. "ಚಲೋ ಸಪಾಟ ಐತ್ರಿ, ಇಲ್ಲೇ ಬಿದ್ದಿತ್ತು" ಎಂದಳು. ಆಕೆಯನ್ನು ಏನೆಂದು ಬೈಯುವುದು? ಗೌಡರು ಹೋಗಿ ನೋಡಿದರು, ಸೋಪಿನ ನೊರೆ ಹರಿಯುತ್ತಿದ್ದ ಕಲ್ಲಿಗೆ ಕೈಮುಗಿದರು, ತಿರುಗಿ ಬಂದರು. ಅವರು ಮಾತಾಡದಿದ್ದಾಗಲೇ ನನಗೆ ಹೆದರಿಕೆ.

ಅದೇ ಹೊತ್ತಿಗೆ ನಳಿನಿಬಾಯಿ ಬಂದು ಇನ್ನೊಂದು ಸುದ್ದಿ ಹೇಳಿದರು. ಅವರ ಮುಖದಲ್ಲಿ ಕಳೆ ಇರಲಿಲ್ಲ.

"ಶಾಂತವ್ವ, ನಿಮ್ಮೂರೀಗ ಪಟ್ಟಣದೊಳಗ ಬಂತು. ಚಾವಡಿ ಪುರಸಭಾದ್ದಾತು. ಅವರು ಅದನ್ನ ಕರ ವಸೂಲಿ ಕಚೇರಿ ಮಾಡ್ತಾರಂತ. ರಸ್ತಿ ಆಚಿಗೆ ಒಂದು ಕೇಂದ್ರ ಅದ ಅಲ್ಲ, ನಿಮ್ಮ ಮಕ್ಕಳನ್ನ ಅಲ್ಲಿ ಕೂಡಸ್ರಿ ಅಂತ ಹೇಳ್ಯಾರ. ಶ್ರಾವಣ ಮುಗಿಯೋದ್ರಾಗ ಚಾವಡಿ ಖಾಲಿ ಆಗಬೇಕು."

"ರಸ್ತಿ ಆಚಿಗ್ಯಾ? ಮೂರು ವರ್ಷದ ಕೂಸು ಆ ರಸ್ತಿ ಹೆಂಗ ದಾಟಬೇಕ್ರಿ ಬಾಯಾರ?"

"ನನ್ನ ಕೇಳಿದ್ರ ನಾ ಏನು ಹೇಳಲಿ? ನಾನೂ ಅದ ಕೇಳಿ ಬೈಸ್ಕೊಂಡು ಬಂದೇನಿ."

ಆ ರಸ್ತೆಯಲ್ಲಿ ಉಸುಕಿನ ಲಾರಿಗಳು ಹಾರ್ನು ಹೊಡೆಯುವ ಪುರಸೊತ್ತೂ ಇಲ್ಲದೆ ಹೋಗುತ್ತಿದ್ದವು. ಎಮ್ಮೆ ದಾಟಿಸಲೂ ಗಂಡಸರು ಇಬ್ಬರು ಬೇಕಾಗುತ್ತಿತ್ತು. ತಾಯಂದಿರು ಕೂಲಿಗೆ ಹೋಗುವವರು. ದಿನಾ ಕರೆದುಕೊಂಡು ದಾಟಿಸಿ, ಮತ್ತೆ ಮಧ್ಯಾಹ್ನ ಕರೆತರುವುದು ಯಾರಿಂದ ಆದೀತು? ಚಾವಡಿ ಹೋಯಿತೆಂದರೆ ನಮ್ಮೂರ ಮಕ್ಕಳಿಗೆ ಅಂಗನವಾಡಿ ಹೋದಂತೆಯೇ. ದುರ್ಗವ್ವನ ಮೊಮ್ಮಗಳು ಸಾವಕ್ಕ ಎಂಬ ಹುಡುಗಿ ಇತ್ತು, ಮೂರೂವರೆ ವರ್ಷದ್ದು, ಕೈಕಾಲು ಜೋಳದ ದಂಟಿನ ಹಾಗೆ. ಎರಡು ವರ್ಷ ತಿನ್ನಿಸಿ ತಿನ್ನಿಸಿ ಆಗಷ್ಟೇ ಕೆನ್ನೆಗೆ ಒಂದಿಷ್ಟು ಮಾಂಸ ಹತ್ತಿತ್ತು. ಅದರ ಮುಖ ಕಣ್ಣ ಮುಂದೆ ಬರುತ್ತಿತ್ತು.

ಕಚೇರಿಗೆ ಹೋದೆ. ಹೊಸದಾಗಿ ಕೆಲಸಕ್ಕೆ ಬರುವವರು ಇದೊಂದು ತಿಳಿದಿರಲಿ: ಕಚೇರಿಗೆ ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗಿ. ಪುರಸಭೆಯಲ್ಲಿ ಕುಳಿತಿದ್ದ ಗುಮಾಸ್ತ ತಲೆ ಎತ್ತದೆ, "ನಿಮ್ಮದು ಹಳ್ಳಿ ಅಂಗನವಾಡಿ. ಹಳ್ಳಿ ಆಫೀಸಿಗೆ ಹೋಗ್ರಿ" ಎಂದ.

"ಹಳ್ಳಿ ಆಫೀಸ್ನ್ಯಾಗ ಪಟ್ಟಣದ ಆಫೀಸಿಗೆ ಹೋಗ್ರಿ ಅಂದ್ರು. ಹಳ್ಳೀನ ಇಲ್ಲಲ್ರಿ ಈಗ."

"ಹಂಗಾರ ನೀವೂ ಇಲ್ಲ, ನಡೀರಿ."

ಮುಖ್ಯಾಧಿಕಾರಿಗಳು ಮಾತ್ರ ಒಳಗೆ ಕರೆದು ಕೂರಿಸಿದರು. ಹರೆಯದ ಮನುಷ್ಯ, ಮೃದು ಮಾತು. ಕೆಟ್ಟವರಲ್ಲ. "ಅಮ್ಮಾರ, ರಸ್ತಿ ದಾಟಿದ್ರ ಆತು. ಎಷ್ಟು ದೂರ ಐತಿ?" ಎಂದು ಗೋಡೆಯ ನಕ್ಷೆ ತೋರಿಸಿದರು. ನಕ್ಷೆಯಲ್ಲಿ ರಸ್ತೆ ದಾರದಷ್ಟೇ ಇತ್ತು, ಲಾರಿ ಒಂದೂ ಇರಲಿಲ್ಲ. ನಾನು ಎಷ್ಟು ಹೇಳಿದರೂ ಅವರು ಆ ದಾರವನ್ನೇ ನೋಡುತ್ತಿದ್ದರು. ಹೊರಗೆ ಬಂದು ಅರಳಿಕಟ್ಟೆಯ ಮೇಲೆ ಕೂತು ಬುತ್ತಿ ಉಂಡೆ, ಬಸವಣ್ಣನ ನೆನೆದೆ, ಊರಿಗೆ ನಡೆದೆ.

ಇಷ್ಟು ಸಾಲದು ಎಂಬಂತೆ ವಾರ ಬಂತು. ಮೊದಲನೆಯ ಮಂಗಳವಾರ ನಾನು ಮಕ್ಕಳ ಸಾಲು ಕಟ್ಟಿಸಿ, ಬನ್ನಿಗಿಡ ಇದ್ದ ಜಾಗಕ್ಕೆ ಹೋಗಿ ಒಲೆ ಹೂಡೋಣ ಎಂದು ಹೊರಟೆ. ಅಗಸಿಯಲ್ಲಿ ಗೌಡರು ಅಡ್ಡ ನಿಂತರು.

"ಎಲ್ಲಿಗವಾ?"

"ಸೀಮಿ ಆಚಿಗ್ರಿ, ಉಪ್ಪಿಟ್ಟು ಮಾಡಾಕ."

"ಸೀಮಿ ಎಲ್ಲೈತಿ?"

ನಾನು ಕೈ ತೋರಿಸಿದೆ. ಅಲ್ಲಿ ಯಾರದೋ ಬುನಾದಿಗೆ ಗುಂಡಿ ತೆಗೆಯುತ್ತಿದ್ದರು. ಗೌಡರು ತಲೆ ಅಲ್ಲಾಡಿಸಿದರು. "ನಿನ್ನಿ ರಾತ್ರಿ ಹಿರ್ಯಾರು ಕೂಡಿದ್ವಿ. ಕಲ್ಲ ಹೋತು. ಈಗ ನಮ್ಮೂರು, ಪ್ಯಾಟಿ ಎರಡೂ ಒಂದ ಊರು ಅಂತ ಸರಕಾರ ಅಂದೈತಿ. ಒಂದ ಊರಂದ ಮ್ಯಾಲ ಸೀಮಿನೂ ಒಂದ. ಪ್ಯಾಟಿ ಎಲ್ಲಿಗೆ ಮುಗೀತೈತಿ, ಅಲ್ಲಿಗೆ ಸೀಮಿ. ಒಲಿ ಹಚ್ಚಬೇಕಂದ್ರ ಅದರ ಆಚಿಗೆ ಹೋಗಿ ಹಚ್ಚು."

ಪೇಟೆ ಮುಗಿಯುವುದು ಎಂದರೆ ದೊಡ್ಡ ರಸ್ತೆ ದಾಟಿ, ಬಸ್ ಸ್ಟ್ಯಾಂಡು ದಾಟಿ, ಕಾಯಿಪಲ್ಲೆ ಬಜಾರು ದಾಟಿ, ಆ ತುದಿಯಲ್ಲಿ 'ವಂದನೆಗಳು, ಮತ್ತೆ ಬನ್ನಿ' ಎಂದು ಬರೆದ ಬೋರ್ಡಿನ ಆಚೆ. ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿ ಉಪ್ಪಿಟ್ಟು ಮಾಡಬೇಕಂತೆ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಗೌಡ್ರ, ನಿಮಗೇನ್ ಅನ್ನಬೇಕು ನಾನು? ಕಚೇರ್ಯಾಗ ನೋಡಿದ್ರ ಅವರದೊಂದು, ಇಲ್ಲಿ ನೋಡಿದ್ರ ನಿಮ್ಮದೊಂದು" ಎಂದೆ. "ನನಗೇನೂ ಅನಬ್ಯಾಡ. ದೇವಿನ್ನ ಕೇಳು" ಎಂದರು. ದೇವಿಯನ್ನು ಕೇಳಿದರೆ ಆಕೆ ಮಾತಾಡುತ್ತಾಳೆಯೇ? ನಾಲ್ಕು ಮಂಗಳವಾರ ಮಕ್ಕಳಿಗೆ ಸರಕಾರ ಕೊಡುವ ಪುಷ್ಟಿ ಹಿಟ್ಟಿಗೆ ಬೆಲ್ಲ ಕಲಸಿ ಉಂಡೆ ಕಟ್ಟಿ ಕೊಟ್ಟೆ. ಸಾವಕ್ಕ ಉಂಡೆಯನ್ನು ಒಂದು ಸಲ ನೆಕ್ಕಿ, "ಬಿಸೀದು ಎಲ್ಲೈತಿ?" ಎಂದು ಕೇಳಿ ಕಂಬದ ಹಿಂದೆ ಇಟ್ಟು ಬಂದಿತು.

ಗೌಡರು ಅಷ್ಟಕ್ಕೆ ಬಿಡಲಿಲ್ಲ. ಸೀಮೆ ಒಂದಾದ ಮೇಲೆ ಪೇಟೆಯೊಳಗೂ ಒಲೆ ಉರಿಯಬಾರದಲ್ಲವೇ? ಎರಡನೆಯ ವಾರ ಬಸ್ ಸ್ಟ್ಯಾಂಡಿನ ಭಜಿ ಅಂಗಡಿಯ ಮಹಾದೇವನ ಮುಂದೆ ಹೋಗಿ ನಿಂತರಂತೆ. "ತಮ್ಮಾ, ಇವತ್ತು ದ್ಯಾಮವ್ವನ ವಾರ. ಬುಟ್ಟಿ ಇಳಸು" ಎಂದರಂತೆ. ಬುಟ್ಟಿ ಎಂದರೆ ಕುದಿಯುವ ಎಣ್ಣೆಯ ಬಾಣಲೆ, ಸುತ್ತ ನಿಂತ ಗಿರಾಕಿ. ಮಹಾದೇವ, "ಗೌಡ್ರ, ನಿಮ್ಮ ದೇವಿ ನಿಮಗ, ನನ್ನ ಮಿರ್ಚಿ ನನಗ. ಎರಡ ತಿಂದ ಹೋಗ್ರಿ" ಎಂದನಂತೆ. ಪೇಟೆಯೆಲ್ಲ ನಕ್ಕಿತು. ಬೀಗರ ಮನೆಯಿಂದ ನನಗೆ ಹೇಳಿ ಕಳಿಸಿದರು: 'ನಿಮ್ಮೂರಿನ ಗೌಡರಿಗೆ ಹಗಲುಕನಸು ಬೀಳುತ್ತಿದೆ, ಸ್ವಲ್ಪ ನೋಡಿಕೊಳ್ಳಿ' ಎಂದು. ನಾಚಿಕೆಯಿಂದ ಸೆರಗು ಮುಖಕ್ಕೆ ಎಳೆದುಕೊಂಡೆ. ಆ ದಿನಗಳಲ್ಲಿ ಗೌಡರ ಮೇಲೆ ಬಂದಷ್ಟು ಸಿಟ್ಟು ನನಗೆ ನನ್ನ ಅತ್ತೆಯ ಮೇಲೂ ಬಂದದ್ದಿಲ್ಲ.

ಐದನೆಯ ವಾರ ಬಂತು. ಊರೆಲ್ಲ ಹೊರಗೆ ಹೋಗಿ ಉಣ್ಣುವ ದಿನ. ಹಿರಿಯರ ತೀರ್ಮಾನದಂತೆ ಪೇಟೆ ದಾಟಿ ಹೋಗಬೇಕು. ಹೋಗುವುದಿಲ್ಲ ಎಂದು ಹರೆಯದವರು ಗುರುಗುಟ್ಟಿದರು, ಆದರೆ ಮನೆಯಲ್ಲಿ ಒಲೆ ಹಚ್ಚುವ ಎದೆ ಯಾರಿಗೂ ಇರಲಿಲ್ಲ. ಹಸಿವಾದರೆ ಹಟ ಎಲ್ಲಿ ನಿಲ್ಲುತ್ತದೆ? ಬೆಳಿಗ್ಗೆ ಅಗಸಿಯಿಂದ ಊರು ಹೊರಟಿತು. ಹೆಂಗಸರ ತಲೆಯ ಮೇಲೆ ಹೂರಣದ ಪಾತ್ರೆ, ಕಟ್ಟಿಗೆ ಹೊರೆ, ಹಂಚು, ಒರಳು ಗುಂಡು. ಮುಂದೆ ಹಲಗೆ ಬಡಿಯುವವರು, ಅವರ ಹಿಂದೆ ಗೌಡರು. ಹಿಂದೆ ನಾನು, ದುರ್ಗವ್ವ ಮತ್ತು ಅಂಗನವಾಡಿಯ ಮಕ್ಕಳು, ಒಬ್ಬರ ಅಂಗಿ ಒಬ್ಬರು ಹಿಡಿದು.

ದೊಡ್ಡ ರಸ್ತೆಯ ಅಂಚಿಗೆ ಬಂದು ನಿಂತೆವು. ಲಾರಿಯ ಹಿಂದೆ ಲಾರಿ. ಗೌಡರು ನಡುರಸ್ತೆಗೆ ಹೋಗಿ ತಲೆಯ ರುಮಾಲು ಬಿಚ್ಚಿ ಎರಡೂ ಕೈಯಿಂದ ಬೀಸಿದರು. ಊರ ಗಂಡಸರೆಲ್ಲ ಎರಡೂ ಕಡೆ ಅಡ್ಡ ನಿಂತರು. ಬ್ರೇಕಿನ ಕಿರುಚಾಟ, ಬೈಗುಳ, ಧೂಳು. ನಿಂತ ವಾಹನಗಳ ಸಾಲಿನಲ್ಲಿ ಒಂದು ಬಿಳಿ ಜೀಪು. ಅದರಲ್ಲಿ ಮುಖ್ಯಾಧಿಕಾರಿಗಳು.

ನಾವು ಮಕ್ಕಳನ್ನು ಇಳಿಸಿದೆವು. ಸಾಲು ನಡುರಸ್ತೆಗೆ ಬಂದಾಗ ಸಾವಕ್ಕನ ಚಪ್ಪಲಿಯ ಬಾರು ಕಿತ್ತಿತು. ಹುಡುಗಿ ಕೈಬಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಹೊಸ್ತಿಲಲ್ಲಿ ಕೂತ ಹಾಗೆ, ಚಪ್ಪಲಿ ಸರಿಮಾಡತೊಡಗಿತು. ಹಿಂದಿನ ಮಕ್ಕಳೆಲ್ಲ ಏನಾಯಿತೆಂದು ಬಗ್ಗಿ ನೋಡುತ್ತ ನಿಂತರು. ಅಷ್ಟರಲ್ಲಿ ನಿಂತ ಸಾಲನ್ನು ತಪ್ಪಿಸಿ ಪಕ್ಕದ ಮಣ್ಣಿನಿಂದ ಒಂದು ಲಾರಿ ನುಗ್ಗಿ ಬಂತು. ದುರ್ಗವ್ವನ ಕೂಗು ಕೇಳಿತು. ಜೀಪಿನಿಂದ ಜಿಗಿದು ಬಂದವರು ಮುಖ್ಯಾಧಿಕಾರಿಗಳೇ. ಹುಡುಗಿಯನ್ನು ಬಾಚಿ ಎತ್ತಿಕೊಂಡರು. ಲಾರಿ ಧೂಳೆಬ್ಬಿಸಿ ನಿಂತಿತು. ಸಾವಕ್ಕ ಅವರ ಹೆಗಲ ಮೇಲಿಂದ, "ನನ್ನ ಚಪ್ಪಲ್ ಅಲ್ಲೇ ಉಳೀತು" ಎಂದು ಅಳತೊಡಗಿತು.

ಅವರು ಹುಡುಗಿಯನ್ನು ಕೆಳಗಿಳಿಸಲಿಲ್ಲ. ಎತ್ತಿಕೊಂಡೇ ಆಚೆ ಬದಿಗೆ ಬಂದರು. ಗೌಡರತ್ತ ತಿರುಗಿ, "ಏನ್ ಯಜಮಾನ್ರ ಇದು? ಇಷ್ಟು ಸಣ್ಣ ಮಕ್ಕಳನ್ನ ಎಲ್ಲಿಗೆ ಒಯ್ಯಾಕತ್ತೀರಿ?" ಎಂದು ಗದರಿದರು.

ಗೌಡರು ರುಮಾಲು ಸುತ್ತಿಕೊಳ್ಳುತ್ತ, "ಊರ ಹೊರಗರಿ. ಒಂದ ಊರು ಅಂತ ನೀವ ಅಂದ್ರಿ. ಊರು ದೊಡ್ಡದಾತು, ಹೊರಗ ಅನ್ನೂದು ದೂರ ಆತು" ಎಂದರು. ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಅವರಿಗೆ ಅದು ನಿಜವಾಗಿಯೂ ಹಾಗೆಯೇ ಇತ್ತು.

ದುರ್ಗವ್ವ ಮೊಮ್ಮಗಳನ್ನು ಅವರ ಕೈಯಿಂದ ತೆಗೆದುಕೊಂಡಳು. "ಸಾಹೇಬ್ರ, ಇವತ್ತು ಊರ ಗಂಡಸರೆಲ್ಲಾ ನಿಂತು ದಾಟಸ್ಯಾರ. ಶ್ರಾವಣ ಮುಗದ ಮ್ಯಾಲ ದಿನಾ ನಾವಿಬ್ಬರ ಹೆಂಗಸರು ದಾಟಸಬೇಕು. ನೀವು ದಿನಾ ಜೀಪಿನ್ಯಾಗ ಬರ್ತೀರೇನ್ರಿ?"

ಮುಖ್ಯಾಧಿಕಾರಿಗಳು ನನ್ನ ಕಡೆ ನೋಡಿದರು. ಗುರುತು ಹಿಡಿದರು ಎನ್ನುವುದು ತಿಳಿಯಿತು. ಸಾವಕ್ಕನ ಚಪ್ಪಲಿ ಯಾರೋ ತಂದುಕೊಟ್ಟರು. ಅದನ್ನು ಹುಡುಗಿಯ ಕೈಗೆ ಕೊಟ್ಟು ಜೀಪಿನಲ್ಲಿ ಹೋದರು. ನಾವು ಹಲಗೆ ಬಡಿಸಿಕೊಂಡು ಬಜಾರಿನಲ್ಲಿ ನಡೆದೆವು. ಜನ ಅಂಗಡಿಗಳಿಂದ ಹೊರಬಂದು ನೋಡಿದರು. ಮಹಾದೇವ ಬುಟ್ಟಿ ಇಳಿಸಲಿಲ್ಲ, ಆದರೆ ನಾವು ದಾಟುವ ತನಕ ಭಜಿ ಎತ್ತುವ ಝಾರಿ ಕೆಳಗಿಟ್ಟು ಕೈಮುಗಿದು ನಿಂತಿದ್ದ. 'ಮತ್ತೆ ಬನ್ನಿ' ಎಂಬ ಬೋರ್ಡಿನ ಆಚೆ ಮೂರು ಕಲ್ಲು ಹೂಡಿ ಒಲೆ ಹಚ್ಚಿದೆ. ಮಕ್ಕಳು ಬಿಸಿ ಹೋಳಿಗೆ ತಿಂದರು. ಆ ಲಾರಿ ನಿಂತಿತಲ್ಲ, ಅದನ್ನೇ ನೆನೆದು ದೇವಿಗೆ ಕೈಮುಗಿಯುತ್ತಿದ್ದೆ. ಆಕೆಯ ಮೇಲೂ ಸಿಟ್ಟಿತ್ತು, ಆದರೂ ಮುಗಿದೆ.

ಎಂಟು ದಿನದ ಮೇಲೆ ನಳಿನಿಬಾಯಿ ಬಂದರು, ಈ ಸಲ ಮುಖದಲ್ಲಿ ಕಳೆ ಇತ್ತು. "ಚಾವಡಿ ಒಳ ಅಂಕಣ ನಿಮಗ ಬಿಟ್ಟಾರವಾ. ಮುಂದಿನ ಕಟ್ಟಿ ಕಚೇರಿಗೆ. ಕೇಂದ್ರ ಇಲ್ಲೇ ಇರಲಿ ಅಂತ ಸಾಹೇಬ್ರು ಬಾಯಿಲೆ ಹೇಳ್ಯಾರ, ಕಾಗದಾ ಬರ್ತದ." ಕಾಗದ ನನ್ನ ನೌಕರಿ ಮುಗಿಯುವ ತನಕವೂ ಬರಲಿಲ್ಲ. ಮಕ್ಕಳೂ ಹೋಗಲಿಲ್ಲ. ಮುಂದೆ ಕರ ಕಟ್ಟುವವರ ಗೊಣಗಾಟ, ಹಿಂದೆ ಮಕ್ಕಳ ಅ ಆ ಇ ಈ. ವಸೂಲಿಯವನು ದಿನಕ್ಕೆ ನಾಲ್ಕು ಸಲ, "ಅಕ್ಕಾರ, ಸ್ವಲ್ಪ ಸಣ್ಣಗ ಹಾಡಸ್ರಿ" ಎನ್ನುತ್ತಿದ್ದ. ದುರ್ಗವ್ವ ಮರುದಿನ ಇನ್ನೂ ಗಟ್ಟಿಯಾಗಿ ಹಾಡಿಸುತ್ತಿದ್ದಳು.

ಇಷ್ಟಾದರೂ ವಾರದ ತೊಡಕು ಹಾಗೇ ಇತ್ತಲ್ಲ. ಮತ್ತೊಂದು ವರ್ಷ ಬಂತು, ಮೊದಲ ಮಂಗಳವಾರ ಬಂತು. ಮಕ್ಕಳನ್ನು ಮತ್ತೆ ರಸ್ತೆಗೆ ಇಳಿಸುವುದಿಲ್ಲ, ಯಾವ ದೇವರು ಮುನಿದರೂ ಸರಿ ಎಂದು ಗಟ್ಟಿ ಮಾಡಿಕೊಂಡು, ಹಿಟ್ಟಿಗೆ ಬೆಲ್ಲ ಕಲಸುತ್ತ ಕೂತಿದ್ದೆ. ಗೌಡರು ಬಂದು ಚಾವಡಿಯ ಮುಂದೆ ನಿಂತರು. ಆ ವರ್ಷ ಅವರಿಗೆ ಕೋಲು ಬಂದಿತ್ತು. ಕಂಬಕ್ಕೆ ಬಡಿದಿದ್ದ ಹೊಸ ನೀಲಿ ಬೋರ್ಡನ್ನು ನೋಡಿದರು.

"ಏನ್ ಬರದಾರ ಓದವಾ."

"ಪುರಸಭೆಯ ಆಸ್ತಿ ಅಂತ ಬರದೈತ್ರಿ."

"ಅಂದ್ರ ನಮ್ಮದಲ್ಲ."

"ಅಲ್ಲಂತ್ರಿ."

ಒಳಗಿನಿಂದ ಸಾವಕ್ಕ ಇಣುಕಿ, "ಇವತ್ತು ಬಿಸೀದು ಇಲ್ಲೇನ್ರಿ?" ಎಂದು ಕೇಳಿತು. ಗೌಡರು ಹುಡುಗಿಯನ್ನು ನೋಡಿದರು, ಬೋರ್ಡನ್ನು ನೋಡಿದರು.

"ಹಿರ್ಯಾರನ್ನ ಕೇಳಿ ಬಂದೇನಿ. ಚಾವಡಿ ನಮ್ಮ ಊರಂದಲ್ಲಂದ್ರ ಅದು ನಮ್ಮ ಊರಾಗಿಲ್ಲ. ಊರಾಗಿಲ್ಲಂದ್ರ ಸೀಮಿ ಹೊರಗ ಆತು. ಹಚ್ಚು ಒಲಿ."

ನಾನು ಎರಡನೆಯ ಸಲ ಕೇಳಲಿಲ್ಲ. ಹೋದ ವರ್ಷವೇ ಈ ಬುದ್ಧಿ ಬಂದಿದ್ದರೆ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹೋದ ವರ್ಷ ಬಂದಿದ್ದರೆ ರಸ್ತೆಗೆ ಹೋಗುತ್ತಿರಲಿಲ್ಲ; ರಸ್ತೆಗೆ ಹೋಗದಿದ್ದರೆ ಚಾವಡಿ ಉಳಿಯುತ್ತಿರಲಿಲ್ಲ. ಲೆಕ್ಕ ಇಡುವವನು ಮೇಲಿದ್ದಾನೆ. ದುರ್ಗವ್ವ ಕಟ್ಟಿಗೆ ಒಡ್ಡಿದಳು, ನಾನು ಸಾಸಿವೆ ಹಾಕಿದೆ. ಒಗ್ಗರಣೆಯ ವಾಸನೆ ಓಣಿಗೆ ಹೋದದ್ದೇ ತಡ, ಬಾಣಂತಿಯ ತಾಯಿಯೊಬ್ಬಳು ಬೋಗುಣಿ ಹಿಡಿದು ಬಂದಳು, ಆಮೇಲೆ ಹಲ್ಲಿಲ್ಲದ ಮುದುಕರು ಒಬ್ಬೊಬ್ಬರಾಗಿ ಬಂದರು. ಊರಿಗೆ ಊರೇ ತಣ್ಣಗಿದ್ದ ದಿನ, ಊರ ನಟ್ಟನಡುವೆ ಒಂದೇ ಒಲೆ ಉರಿಯಿತು. ಅಲ್ಲಿಂದ ನಾನು ಕೆಲಸ ಬಿಡುವ ತನಕ ಪ್ರತಿ ವರ್ಷ ಹಾಗೆಯೇ ನಡೆಯಿತು. ಈಗಿನ ಹುಡುಗಿಯರು ಮಂಗಳವಾರ ಗ್ಯಾಸ್ ಹಚ್ಚುವಾಗ ಹಿಂದುಮುಂದು ನೋಡಬೇಕಿಲ್ಲ. ಆ ತೀರ್ಮಾನ ಆಗಿಹೋಗಿದೆ.

"ಗೌಡ್ರ, ಬಿಸಿ ಐತಿ, ಮ್ಯಾಲ ಬರ್ರಿ" ಎಂದು ಕರೆದೆ.

ಅವರು ಮೆಟ್ಟಿಲ ಬುಡದಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಮೆಟ್ಟು ಮೆಟ್ಟಿಕೊಂಡೇ ಹತ್ತಿ ಬಂದರು. ದುರ್ಗವ್ವ ನನ್ನ ಮುಖ ನೋಡಿದಳು. ಎಲೆಯ ಮೇಲೆ ಉಪ್ಪಿಟ್ಟು ಹಾಕಿ ಕೊಟ್ಟೆ. ಮಕ್ಕಳ ಸಾಲಿನ ಕಡೆಗೆ, ಕಂಬಕ್ಕೆ ಬೆನ್ನು ಕೊಟ್ಟು ಕೂತು, ಒಂದು ಅಗುಳೂ ಬಿಡದೆ ಉಂಡರು.

"ಉಪ್ಪು ಸರಿ ಐತೇನ್ರಿ?"

"ಸರಿ ಐತವಾ. ಪರವೂರಾಗ ಉಂಡಂಗಾತು."

ಕೈ ತೊಳೆದು, ಕೋಲೂರಿಕೊಂಡು ಇಳಿದರು. ಕೆಳಗೆ ಹೋದವರು ರೂಢಿಯಂತೆ ಮೆಟ್ಟಿಲ ಬುಡದಲ್ಲಿ ಕಾಲಿನಿಂದಲೇ ಮೆಟ್ಟು ತಡಕಾಡಿದರು. ಮೆಟ್ಟು ಕಾಲಲ್ಲೇ ಇದ್ದವು.